ಬಾಗಿಲಿಗೆ ಎರಡು ಬಡಿತ

ಮಾರ್ಚ್ ತಿಂಗಳ ಕೊನೆಯ ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಹಾಜರಿದ್ದವರು ಏಳು ಜನ: ಠಾಣಾಧಿಕಾರಿಯಾಗಿದ್ದ ನಾನು, ಐದು ಮಂದಿ ಅಗ್ನಿಶಾಮಕರು, ಮತ್ತು ನಮ್ಮಲ್ಲಿದ್ದ ಒಂದೇ ಒಂದು ನೀರಿನ ಗಾಡಿಯ ಚಾಲಕರು. ಚಾಲಕರ ಬಲಗೈಯ ನಡುಬೆರಳಿನ ಗೆಣ್ಣು ಗೇರುಬೀಜದ ಸಿಪ್ಪೆಯ ಹಾಗೆ ಕಪ್ಪಾಗಿ ಗಟ್ಟಿಯಾಗಿತ್ತು. ಇಪ್ಪತ್ತೆಂಟು ವರ್ಷ, ದಿನವೂ ಬೆಳಿಗ್ಗೆ, ಅವರು ಆ ಗೆಣ್ಣಿನಿಂದ ಟ್ಯಾಂಕನ್ನು ಮೇಲಿನಿಂದ ಕೆಳಗಿನವರೆಗೆ ಕುಟ್ಟಿ, ಕಿವಿಯಿಟ್ಟು ಕೇಳುತ್ತಿದ್ದರು. ನೀರು ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಸದ್ದು ಬದಲಾಗುತ್ತದೆ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಪಕ್ಕದಲ್ಲೇ ಇತ್ತು. ಅದನ್ನು ಅವರು ನಂಬುತ್ತಿರಲಿಲ್ಲ. "ಗಾಜು ಸುಳ್ಳು ಹೇಳ್ತದೆ ಸರ್, ಕಬ್ಬಿಣ ಹೇಳುವುದಿಲ್ಲ" ಎನ್ನುತ್ತಿದ್ದರು.

ಠಾಣೆ ಯಾವ ಊರಿನದೆಂದು ಬರೆಯುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮೂರೂ ಕಡೆಯ ಹಳ್ಳಿಗಳಿಂದ ನಮಗೆ ಕರೆ ಬರುತ್ತಿತ್ತು ಎಂದರೆ ಸಾಕು. ಗುಡ್ಡದ ಹುಲ್ಲಿಗೆ ಬೆಂಕಿ, ಬಾವಿಗೆ ಬಿದ್ದ ದನ, ತಿರುವಿನಲ್ಲಿ ಮಗುಚಿದ ಲಾರಿ, ಎಲ್ಲಕ್ಕೂ ಅದೇ ಗಾಡಿ, ಅದೇ ಚಾಲಕರು. ಸಂಜೆಯ ಹೊತ್ತಿಗೆ ಒಮ್ಮೆ ಪುತ್ತಿಗೆಯ ಕಡೆ ಒಂದು ಹುಲ್ಲುಮೆದೆಗೆ ಹೋಗಿದ್ದೆವು. ದಾರಿ ಕಿರಿದು, ತಲುಪುವಾಗ ತಡವಾಯಿತು. ಮನೆಯ ಯಜಮಾನ ಗೇಟಿನಲ್ಲೇ ನಿಂತು, "ಈಗ ಬಂದಿರಾ? ಬೂದಿ ಉಂಟು, ಗೋಣಿ ಕೊಡ್ತೇನೆ, ತುಂಬಿಸಿಕೊಂಡು ಹೋಗಿ" ಎಂದ. ಚಾಲಕರು ಇಳಿದು ಪೈಪು ಬಿಡಿಸುತ್ತಲೇ, "ಬೂದಿಯಲ್ಲಿ ಬಿಸಿ ಉಂಟಾ ನೋಡುವ ಮಾರಾಯ್ರೇ. ಇಲ್ಲದಿದ್ದರೆ ಇನ್ನೊಮ್ಮೆ ಬರಬೇಕಾದೀತು" ಎಂದರು. ಬೂದಿಯ ಒಳಗೆ ಕೆಂಡ ಇತ್ತು. ಪಕ್ಕದಲ್ಲೇ ಆ ಮನುಷ್ಯನ ದನದ ಹಟ್ಟಿ. ಹೊರಡುವಾಗ ಅವನು ಒಂದು ಲೋಟ ನೀರು ಬೇಕೇ ಎಂದೂ ಕೇಳಲಿಲ್ಲ.

ಚಾಲಕರು ತೋಡಾರಿನ ಬ್ಯಾರಿ ಮುಸ್ಲಿಂ ಮನೆತನದವರು. ಅಣ್ಣ ಸೌದಿಯ ದಮ್ಮಾಮಿನಲ್ಲಿ ಅಂಗಡಿ ಮಾಡಿದ್ದರು. ನೀವು ಯಾಕೆ ಹೋಗಲಿಲ್ಲ ಎಂದು ಕೇಳಿದರೆ, "ಅಲ್ಲಿ ಬೆಂಕಿ ಆಕಾಶದಲ್ಲೇ ಉಂಟು ಸರ್. ಅದನ್ನು ಆರಿಸುವ ಗಾಡಿ ನನಗೆ ಬಿಡ್ಲಿಕ್ಕೆ ಬರುವುದಿಲ್ಲ" ಎನ್ನುವರು. ಠಾಣೆಯ ಎಲ್ಲರೂ ಅವರನ್ನು ಕಾಕ ಎಂದೇ ಕರೆಯುತ್ತಿದ್ದರು. ನಾನು ಕರೆಯಲಿಲ್ಲ. ಕರ್ತವ್ಯದ ಜಾಗದಲ್ಲಿ ಸಂಬಂಧ ಹೇಳುವುದು ನನ್ನ ಶಿಸ್ತಿಗೆ ಹೊಂದುತ್ತಿರಲಿಲ್ಲ. ಎಂಟಕ್ಕೆ ಹಾಜರಿ, ಎಂಟೂ ಕಾಲಿಗೆ ಕವಾಯತು, ಒಂಬತ್ತಕ್ಕೆ ಪೈಪುಗಳ ಪರೀಕ್ಷೆ. ಇಪ್ಪತ್ತು ವರ್ಷ ನಾನು ಈ ಸಾಲನ್ನು ತಪ್ಪಿಸಿದವನಲ್ಲ.

ನಮ್ಮಲ್ಲಿ ಒಂದು ರೂಢಿ ಇತ್ತು. ಗಂಟೆ, ಸೈರನ್, ಎಂಜಿನ್, ಇವುಗಳ ನಡುವೆ ಬಾಯಿಮಾತು ಕೇಳುವುದಿಲ್ಲ. ಹಾಗಾಗಿ ಎಲ್ಲರೂ ಹತ್ತಿದ ಮೇಲೆ ಅಧಿಕಾರಿಯಾದವನು ಚಾಲಕನ ಬಾಗಿಲಿಗೆ ಅಂಗೈಯಿಂದ ಎರಡು ಸಲ ಬಡಿಯಬೇಕು. ಆಗ ಗಾಡಿ ಹೊರಡುತ್ತದೆ. ನಿಯಮದ ಪುಸ್ತಕದಲ್ಲಿ ಇದು ಎಲ್ಲಿಯೂ ಇಲ್ಲ. ಆದರೆ ಚಾಲಕರಿಗೆ ಅದೇ ಆದೇಶ. ಜನ ಕೂಗಿದರೂ ಬೈದರೂ ಆ ಎರಡು ಬಡಿತ ಬೀಳದೆ ಅವರು ಗಾಡಿಯನ್ನು ಒಂದು ಗೇಣು ಮುಂದೆ ಬಿಟ್ಟದ್ದನ್ನು ನಾನು ನೋಡಿಲ್ಲ.

ಆ ಸೋಮವಾರ ನಮಗೆ ಹೆಲಿಪ್ಯಾಡ್ ಕೆಲಸ. ಧರ್ಮಸ್ಥಳಕ್ಕೆ ಹೋಗುವ ಯಾರೋ ದೊಡ್ಡವರು ಹತ್ತೂವರೆಗೆ ಒಂದು ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿಯುವವರಿದ್ದರು. ಅವರು ಇಳಿದು ಹೋಗುವವರೆಗೆ ನೀರಿನ ಗಾಡಿ ಅಲ್ಲಿಂದ ಕದಲಬಾರದು. ಧೂಳು ಏಳದಂತೆ ನೆಲಕ್ಕೆ ನೀರನ್ನೂ ಹಾಕಬೇಕು. ಚಾಲಕರಿಗೆ ರಂಜಾನಿನ ಉಪವಾಸ. ಪಂಪು ನಡೆಸುತ್ತ, "ಇಲ್ಲಿ ಬಾವಿ ಬತ್ತಿದ ಮನೆ ಎಷ್ಟೋ ಉಂಟು ಸರ್. ಧೂಳಿಗೆ ಮಾತ್ರ ನೀರು ಉಂಟು" ಎಂದರು. ಅರ್ಧ ಟ್ಯಾಂಕ್ ಆದಾಗ ತಾವಾಗಿಯೇ ನಿಲ್ಲಿಸಿದರು. "ಇನ್ನು ಕೊಡುವುದಿಲ್ಲ. ಇದು ಬೆಂಕಿಯ ಪಾಲು."

ಹತ್ತೂವರೆ ಕಳೆಯಿತು, ಹನ್ನೊಂದು ಕಳೆಯಿತು. ಹೆಲಿಕಾಪ್ಟರ್ ಇಲ್ಲ. ಹನ್ನೊಂದೂ ಇಪ್ಪತ್ತಕ್ಕೆ ಕರೆ ಬಂತು. ಏಳು ಕಿಲೋಮೀಟರ್ ದೂರದ ರಬ್ಬರ್ ತೋಟದಲ್ಲಿ ಶೀಟು ಒಣಗಿಸುವ ಹೊಗೆಗೂಡಿಗೆ ಬೆಂಕಿ ಹತ್ತಿದೆ, ಕೆಲಸದ ಹೆಂಗಸು ಒಳಗೆ ಸಿಕ್ಕಿಬಿದ್ದಿದ್ದಾಳೆ. ಬೇರೆ ಠಾಣೆಯ ಗಾಡಿ ಬರಲು ಮುಕ್ಕಾಲು ಗಂಟೆ ಬೇಕು. ನಾನು ಮೇಲಧಿಕಾರಿಗೆ ಫೋನ್ ಮಾಡಿದೆ. "ಗಾಡಿ ಅಲ್ಲಿಂದ ಅಲುಗಾಡಬಾರದು" ಎಂಬ ಉತ್ತರ ಬಂತು.

ಚಾಲಕರು ಆಗಲೇ ಎಂಜಿನ್ ಶುರು ಮಾಡಿದ್ದರು. ಹಿಂದೆ ಇಬ್ಬರು ಅಗ್ನಿಶಾಮಕರು ಹತ್ತಿದ್ದರು. ಅವರಲ್ಲೊಬ್ಬ ಬಾಗಲಕೋಟೆ ಕಡೆಯವನು. ಚಾಲಕರು ಕಿಟಕಿಯಿಂದ ನನ್ನನ್ನು ನೋಡಿದರು. "ಹೋಗುವಾ ಸರ್?"

ನಾನು ಬಾಯಿ ಬಿಡಲಿಲ್ಲ. ಬಾಗಿಲಿಗೆ ಎರಡು ಸಲ ಬಡಿದೆ.

ಮೈದಾನದಲ್ಲಿ ಯಾರಾದರೂ ಇರಬೇಕೆಂದು ನಾನೂ ಉಳಿದ ಮೂವರೂ ಕೈಯಲ್ಲಿ ಹಿಡಿಯುವ ಬೆಂಕಿನಂದಕಗಳನ್ನು ಇಟ್ಟುಕೊಂಡು ನಿಂತೆವು. ಹನ್ನೆರಡಕ್ಕೆ ಹೆಲಿಕಾಪ್ಟರ್ ಇಳಿಯಿತು. ಏನೂ ಆಗಲಿಲ್ಲ. ದೊಡ್ಡವರು ಕಾರು ಹತ್ತಿದರು. ಅವರ ಹಿಂದಿದ್ದ ಅಧಿಕಾರಿಯೊಬ್ಬರು ಸುತ್ತ ನೋಡಿ ನನ್ನ ಹತ್ತಿರ ಬಂದರು.

"ಫೈರ್ ಗಾಡಿ ಎಲ್ಲಿ?"

"ಕರೆಗೆ ಹೋಗಿದೆ ಸರ್."

"ಕಳಿಸಿದ್ದು ಯಾರು?"

"ವಿಚಾರಿಸಿ ವರದಿ ಕೊಡ್ತೇನೆ ಸರ್" ಎಂದೆ.

ಯಾರನ್ನು ವಿಚಾರಿಸಬೇಕಿತ್ತು? ಬಡಿದ ಕೈ ನನ್ನದೇ. ನಿವೃತ್ತಿಗೆ ನನಗೆ ಹದಿನಾಲ್ಕು ತಿಂಗಳಿತ್ತು. ಸೇವಾ ಪುಸ್ತಕದಲ್ಲಿ ಅಷ್ಟು ವರ್ಷ ಒಂದು ಕೆಂಪು ಗೆರೆಯೂ ಇರಲಿಲ್ಲ. ಆ ಕ್ಷಣದಲ್ಲಿ ನನಗೆ ನೆನಪಾದದ್ದು ಅಷ್ಟೇ. ಒಳಗಿದ್ದ ಹೆಂಗಸಿನ ನೆನಪೂ ಆಗಲಿಲ್ಲ.

ಅವಳು ಬದುಕಿದಳು. ಅಲ್ಲಿ ನಡೆದದ್ದನ್ನು ಬಾಗಲಕೋಟೆಯವನು ಹೇಳಿದ. ಜನ ಮುಂದಿನ ಬಾಗಿಲನ್ನು ಪಿಕಾಸಿಯಿಂದ ಒಡೆಯಲು ನಿಂತಿದ್ದರಂತೆ. ಚಾಲಕರು ಗಾಡಿಯಿಂದ ಹಾರಿ ಇಳಿದು ಪಿಕಾಸಿ ಕಿತ್ತುಕೊಂಡರಂತೆ. "ಬಾಗಿಲು ತೆಗೆದರೆ ಬೆಂಕಿಗೆ ಊಟ ಬಡಿಸಿದ ಹಾಗೆ. ಗಾಳಿ ಸಿಕ್ಕಿದರೆ ಎಲ್ಲ ಶೀಟೂ ಒಟ್ಟಿಗೆ ಹತ್ತಿಕೊಳ್ತದೆ." ಹಿಂದಿನ ಗೋಡೆಯ ಬುಡದಲ್ಲಿ ನಾಲ್ಕು ಕೆಂಪುಕಲ್ಲು ಕೀಳಿಸಿ, ನೀರು ಹಾಯಿಸಿ, ಅವಳನ್ನು ಕಾಲು ಹಿಡಿದು ಹೊರಗೆ ಎಳೆದರು. ಚಾಲಕರು ಒಳಗೆ ಹೋಗಬೇಕಾದವರಲ್ಲ, ಪಂಪಿನ ಬಳಿ ನಿಲ್ಲಬೇಕಾದವರು. ಆದರೆ ಆ ಕಂಡಿಯಲ್ಲಿ ತೂರುವಷ್ಟು ಸಪೂರ ಇದ್ದದ್ದು ಅವರು ಮಾತ್ರ. ರಬ್ಬರಿನ ಹೊಗೆ ಕುಡಿದ ಗಂಟಲಿಗೆ ಸಂಜೆಯವರೆಗೆ ಅವರು ನೀರು ಹಾಕಲಿಲ್ಲ.

ಮುಂದೆ ಆದದ್ದನ್ನು ಇಲ್ಲೇ ಬರೆದು ಮುಗಿಸುತ್ತೇನೆ. ವಿಚಾರಣೆ ಆಯಿತು. ಮೌಖಿಕ ಆದೇಶ ಕೊಟ್ಟಿದ್ದೀರಾ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಲಿಖಿತ ಆದೇಶ? ಇಲ್ಲ. ಎರಡೂ ನಿಜ. ಕೈಯ ಬಗ್ಗೆ ಯಾರೂ ಕೇಳಲಿಲ್ಲ. ಚಾಲಕರನ್ನು ಕೇಳಿದಾಗ, "ಎಂಜಿನ್ ಶಬ್ದ ಇತ್ತು. ನಾನೇ ಹೊರಟೆ" ಎಂದರು. ಹೊರಗೆ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು, ಮೆಲ್ಲಗೆ, "ಇಬ್ಬರು ಯಾಕೆ ಸರ್, ಒಬ್ಬ ಸಾಕಲ್ವಾ" ಎಂದರು. ನಾನು ಗಡಿಯಾರ ನೋಡಿಕೊಂಡೆ.

ಚಾಲಕರ ವೇತನ ಬಡ್ತಿ ತಡೆದರು. ಅವರನ್ನು ಬಯಲುಸೀಮೆಯ ದೂರದ ಠಾಣೆಗೆ ಹಾಕಿದರು. ನಾನು ಹಾರ, ಶಾಲು ಹಾಕಿಸಿಕೊಂಡು ನಿವೃತ್ತನಾದೆ. ಅವರು ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಅಲ್ಲಿನ ವಸತಿಗೃಹದಲ್ಲಿ, ಬೆಳಗಿನ ಹಾಜರಿಗೆ ಷರ್ಟು ಹಾಕಿಕೊಳ್ಳುತ್ತಿದ್ದಾಗ, ಕುಸಿದು ಬಿದ್ದು ತೀರಿಕೊಂಡರು. ತೋಡಾರಿಗೆ ತಂದಾಗ ನಾನು ಹೋದೆ. ದಮ್ಮಾಮಿನಿಂದ ಬಂದಿದ್ದ ಅಣ್ಣ ನನ್ನ ಕೈ ಹಿಡಿದು, "ನೀವಾ ಆ ಸರ್? ನಿಮ್ಮ ವಿಷಯ ಹೇಳ್ತಿದ್ದ. ನೀವು ಬರೆದದ್ದರಲ್ಲಿ ಒಂದಕ್ಷರ ಸುಳ್ಳು ಇರುವುದಿಲ್ಲ ಅಂತ" ಎಂದರು. ಹೊಗಳಿದರೋ ಚುಚ್ಚಿದರೋ ನನಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಇನ್ನು ಆ ಸೋಮವಾರದ ಉಳಿದ ಕೆಲಸ. ಎರಡೂವರೆಗೆ ಗಾಡಿ ಠಾಣೆಗೆ ಬಂತು. ಚಾಲಕರು ಪೈಪು ತೊಳೆದು ಒಣಹಾಕಿದರು, ಟ್ಯಾಂಕ್ ತುಂಬಿಸಿದರು, ಮಸಿ ಹಿಡಿದ ಟಯರುಗಳನ್ನು ತಿಕ್ಕಿದರು. ಆರು ಗಂಟೆಗೆ ನಾನು ಘಟನಾ ಪುಸ್ತಕ ತೆರೆದೆ. ಬಾಗಲಕೋಟೆಯವನು ಮೇಜಿನ ಮುಂದೆ ಬಂದು ನಿಂತ.

"ಸರ್, ನೀವು ಬಾಗ್ಲಾ ಬಡದಿದ್ದು ನಾ ನೋಡೀನ್ರಿ. 'ಅಧಿಕಾರಿ ಆದೇಶದಂತೆ' ಅಂತ ಒಂದ್ ಮಾತು ಬರೀರಿ. ಕಾಕನ ನೌಕರಿ ಉಳೀತೈತಿ."

"ಹೇಳಿದ್ದು ಕೇಳಿಸಿತಾ ನಿನಗೆ?"

"ಹೇಳಲಿಲ್ರಿ. ಬಡದ್ರಿ."

"ಹೇಳದೆ ಇದ್ದದ್ದನ್ನು ಬರೆಯಲಿಕ್ಕೆ ಆಗುವುದಿಲ್ಲ" ಎಂದೆ. ಅವನು ಸೆಲ್ಯೂಟ್ ಹೊಡೆಯದೆ ಹೊರಗೆ ಹೋದ.

ಹನ್ನೊಂದೂ ಇಪ್ಪತ್ತಕ್ಕೆ ಕರೆ, ಹನ್ನೊಂದೂ ಇಪ್ಪತ್ತಾರಕ್ಕೆ ನಿರ್ಗಮನ ಎಂದು ಬರೆದೆ. ಕೆಳಗೆ, "ಚಾಲಕರು ಆದೇಶವಿಲ್ಲದೆ ವಾಹನದೊಂದಿಗೆ ತೆರಳಿರುತ್ತಾರೆ" ಎಂದು ಬರೆದೆ. ಅಕ್ಷರ ದುಂಡಗೆ, ಚಿತ್ತಿಲ್ಲದೆ ಬಂತು.

ಮಸೀದಿಯಲ್ಲಿ ಸಂಜೆಯ ಬಾಂಗ್ ಆಗಿ ಸ್ವಲ್ಪ ಹೊತ್ತಿಗೆ ಚಾಲಕರು ಒಳಗೆ ಬಂದರು. ಒಂದು ಖರ್ಜೂರ, ಒಂದು ಲೋಟ ನೀರು ಮುಗಿಸಿದ್ದರು. ತುಟಿ ಇನ್ನೂ ಒದ್ದೆ ಇತ್ತು. ಪುಸ್ತಕವನ್ನು ಅವರ ಕಡೆ ತಿರುಗಿಸಿ, "ಓದಿ ಸಹಿ ಹಾಕಿ" ಎಂದೆ.

"ನೀವು ಬರೆದದ್ದಲ್ವಾ ಸರ್" ಎಂದು ಓದದೆ ಸಹಿ ಹಾಕಿದರು.

ನಾನು ಅದರ ಕೆಳಗೆ ನನ್ನ ಸಹಿ ಹಾಕಿದೆ. ಸಮಯ ಏಳು ಗಂಟೆ ಐದು ನಿಮಿಷ ಎಂದು ನಮೂದಿಸಿ, ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.