ಹೊಳೆಯ ನೀರಿಗೆ ಕಡಲಿನ ಹೆಸರು

ವಿಮಾ ಕಂಪನಿಯಿಂದ 'ಕೊಡಲಾಗುವುದಿಲ್ಲ' ಎಂಬ ಕಾಗದ ಬಂತೆಂದರೆ ಕುಂದಾಪುರದ ವ್ಯಾಪಾರಿಗಳಿಗೆ ಮೊದಲು ನೆನಪಾಗುವವರು ವಕೀಲೆ ಗೋದಾವರಿ ಹೊಳ್ಳರು. ಸಾಲಿಗ್ರಾಮದ ಅಡುಗೆಭಟ್ಟರ ಮಗಳು. ಪಾಲುದಾರರ ಜಗಳ, ಹಂಚಿನ ಕಾರ್ಖಾನೆಯ ಕರಾರು, ಬೋಟುಗಳ ಹಾಗೂ ಅಂಗಡಿಗಳ ವಿಮೆ, ಇಪ್ಪತ್ತೆಂಟು ವರ್ಷಗಳಿಂದ ಅವರಿಗೆ ಇದೇ ಕೆಲಸ. ಪಾಲಿಸಿಯ ಹಿಂಬದಿಯ ಸಣ್ಣಕ್ಷರಗಳನ್ನು ಕಕ್ಷಿದಾರರಿಗೆ ಕನ್ನಡದಲ್ಲಿ ಓದಿ ಹೇಳುತ್ತಾರೆ. ಒಂದು ಸಾಲು ಅವರಿಗೆ ಅರ್ಥವಾಗದೆ ಮುಂದಿನ ಸಾಲಿಗೆ ಹೋಗುವುದಿಲ್ಲ.

ಇನ್ನೊಂದು ಹಟವೂ ಇದೆ: ನಷ್ಟವಾದ ಜಾಗವನ್ನು ಕಣ್ಣಾರೆ ಕಾಣಬೇಕು. ಮೊದಲ ವರ್ಷಗಳಲ್ಲಿ ವಂಡ್ಸೆಯ ಗೇರುಬೀಜ ಕಾರ್ಖಾನೆಯ ಬೆಂಕಿ ಪ್ರಕರಣವನ್ನು ಕುರ್ಚಿ ಬಿಟ್ಟೇಳದೆ ವಾದಿಸಿ ಸೋತಿದ್ದರು. ಮಾಲೀಕರ ಅಜಾಗ್ರತೆಯಿಂದ ಒಲೆಯ ಕಿಡಿ ಗೋದಾಮಿಗೆ ಹಾರಿತೆಂಬುದು ಕಂಪನಿಯ ವಾದ. ತೀರ್ಪಿನ ಮರುದಿನ ಅಲ್ಲಿಗೆ ಹೋದರೆ, ಒಲೆಗೂ ಸುಟ್ಟ ಗೋದಾಮಿಗೂ ನಡುವೆ ಆಳೆತ್ತರದ ಕಲ್ಲುಗೋಡೆ! ಅದೊಂದು ಮಾತು ಹೇಳಿದ್ದರೆ ಸಾಕಿತ್ತು.

ಹೋದ ಮಳೆಗಾಲದ ಕೊನೆಗೆ ಮರವಂತೆಯ ನಾಗು ಮೊಗವೀರ ಬಂದ. ಅವನ ಬಲೆಯ ಶೆಡ್ಡು ನೀರಿಗೆ ಸಿಕ್ಕಿ ಕುಸಿದಿತ್ತು. ನೆರೆಗೆ ವಿಮೆಯಿದೆ, ಕಡಲ್ಕೊರೆತಕ್ಕೆ ಇಲ್ಲ ಎಂದು ಕಂಪನಿ ಕೈತೊಳೆದುಕೊಂಡಿತ್ತು.

"ಅರ್ಜಿಲಿ ಕಡಲ್ಕೊರೆತ ಅಂದ್ಹೇಳಿ ನೀವೇ ಸಹಿ ಹಾಕಿದ್ರಿ ಅಲ್ದಾ?" ಗೋದಾವರಿ ಕೇಳಿದರು.

"ಹೌದ್ ಅಮ್ಮ. ಏಜೆಂಟ್ರ್ ಬರ್ದ್ರ್, ನಾನ್ ಸಹಿ ಹಾಕ್ದೆ. ಆ ವಾರ ಊರಿಡೀ ಅದೇ ಮಾತ್."

ಗೋದಾವರಿಗೆ ಒಳಗೊಳಗೇ ಅಳುಕಾಯಿತು. ಕಕ್ಷಿದಾರನ ಸಹಿಯೇ ಎದುರಾಳಿಯ ಸಾಕ್ಷಿಯಾದರೆ ಏನು ಮಾಡುವುದು? ಆದರೂ ಚಪ್ಪಲಿ ಮೆಟ್ಟಿ, "ಬನ್ನಿ, ಕಾಂಬ" ಎಂದರು.

ಶೆಡ್ಡು ಇದ್ದದ್ದು ಹೆದ್ದಾರಿಯ ಪೂರ್ವಕ್ಕೆ. ರಸ್ತೆಯಾಚೆ ಕಡಲು, ಈಚೆ ಮೂವತ್ತು ಹೆಜ್ಜೆಗೆ ಹೊಳೆ. ಹೊಳೆಯ ಬದಿಯ ಗೋಡೆ ಒಳಮುಖವಾಗಿ ಬಿದ್ದಿತ್ತು.

"ನೀರ್ ಯಾವ ಬದಿಂದ ಬಂತ್?"

ನಾಗುವಿನ ಹೆಂಡತಿ ಚಂದ್ರಮತಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಎಂತ ಕೇಂತ್ರಿ ಅಮ್ಮ! ಹೊಳಿ ಉಕ್ಕಿ ಬಂದದ್. ಕಡ್ಲ್ ರಸ್ತೆ ದಾಟ್ಲೇ ಇಲ್ಲ."

"ಹಂಗಾರೆ ಯಾರಿಗೂ ಹೇಳ್ಲಿಲ್ಯಾ?"

"ಯಾರ್ ಕೇಂಡಿರ್?"

ಗೋದಾವರಿ ಸೀರೆಯ ನೆರಿಗೆ ಎತ್ತಿಕಟ್ಟಿ, ಒದ್ದೆಯಾಗಿ ಗಟ್ಟಿಯಾಗಿದ್ದ ಬಲೆಯೊಂದನ್ನು ಬಿಚ್ಚಿಸಿದರು. ಒಳಗೆಲ್ಲ ಕಪ್ಪು ಕೆಸರು. ಕೆಸರಿನಲ್ಲಿ ಕಾಂಡ್ಲಾ ಗಿಡದ ಉದ್ದುದ್ದ ಬೀಜದ ಕೋಡುಗಳು. ಹೊಳೆಯಂಚಿನಲ್ಲಷ್ಟೇ ಬೆಳೆಯುವ ಗಿಡ ಅದು, ಕಡಲ ಮರಳಿನಲ್ಲಿ ಬೇರು ಬಿಡದು. ಪಂಚಾಯತಿ ಸದಸ್ಯರನ್ನು ಕರೆಸಿ, ಫೋಟೊ ತೆಗೆಸಿ, ಅಲ್ಲೇ ಮಹಜರು ಬರೆಸಿದರು.

ಉಡುಪಿಯ ಗ್ರಾಹಕರ ಆಯೋಗದಲ್ಲಿ ನಷ್ಟದ ವರದಿ ಬರೆದಿದ್ದ ಕಂಪನಿಯ ಸರ್ವೇಯರ್ ಅಶೋಕ್ ಸಾಕ್ಷಿಗೆ ನಿಂತ.

"ಬಲೆ ಬಿಚ್ಚಿ ನೋಡಿದ್ದೀರಾ?"

"ಇಲ್ಲ ಮೇಡಂ. ಅರ್ಜಿಯಲ್ಲಿ ಕಡಲ್ಕೊರೆತ ಅಂತಿತ್ತು, ಅದನ್ನೇ ಬರೆದೆ," ಎಂದು ಅವನು ತಲೆ ತಗ್ಗಿಸಿದ. ಗೋದಾವರಿ ಅವನನ್ನು ಮತ್ತೆ ಕೆಣಕಲಿಲ್ಲ. ಪೀಠದ ಕಡೆ ತಿರುಗಿ, "ನೀರಿನಿಂದ ಏನೇ ಹಾಳಾದರೂ ಮರವಂತೆಯ ಜನ ಕಡಲ್ಕೊರೆತ ಎಂದುಬಿಡುತ್ತಾರೆ ಸ್ವಾಮಿ. ಅದು ಅವರ ಬಾಯಿರೂಢಿ. ಬಂದದ್ದು ಹೊಳೆಯ ನೆರೆ," ಎಂದರು.

ಆಯೋಗ ಒಪ್ಪಿತು. ಬಲೆಗಳಿಗೂ ಗೋಡೆಗೂ ಪರಿಹಾರ ಕೊಡಬೇಕೆಂದು ಕಂಪನಿಗೆ ಆದೇಶವಾಯಿತು.

ನಾಗು ಒಂದು ಗೊನೆ ಎಳನೀರು ಬೊಂಡ ಹೊತ್ತು ಕಚೇರಿಗೆ ಬಂದ. "ಮೀನ್ ತಂದ್ರೆ ನೀವ್ ಒಳಗ್ ಬಿಡುದಿಲ್ಲ ಅಂದ್ಹೇಳಿ..." ಗೋದಾವರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮುಂದಿನ ಭಾನುವಾರ ಅವರೇ ವಿಮೆಯ ಖಾಲಿ ಅರ್ಜಿಗಳ ಕಟ್ಟು ಹಿಡಿದು ಮರವಂತೆಗೆ ಹೋದರು. ಮೀನುಗಾರರ ಸಂಘದ ಚಾವಡಿಯಲ್ಲಿ ಕೂತು ಸಾಲುಸಾಲಾಗಿ ಓದಿ ವಿವರಿಸಿದರು. ಗಂಡಸರೆಲ್ಲ ತಲೆಯಾಡಿಸಿದರು. ಮುಂದೆ ಕೂತಿದ್ದ ಚಂದ್ರಮತಿ ಮಾತ್ರ ಬಿಡಲಿಲ್ಲ.

"ಅಮ್ಮ, ಗಾಳಿಗೆ ತೆಂಗಿನ್ ಮರ ಬಿದ್ದ್ ಮನಿ ಹಂಚಿನ್ ಮಾಡ್ ಮುರ್ದ್ರೆ ಎಂತ ಬರೀಕ್?"

"ಗಾಳಿ ಬಂತ್, ಮರ ಬಿತ್ತ್, ಮಾಡ್ ಮುರೀತ್," ಎಂದರು ಗೋದಾವರಿ. "ಕಂಡದ್ದಷ್ಟೇ ಬರೀಕ್."