ಕೂರದ ಕಥೆಗಾರ
ನಮ್ಮ ಕಾಮಿಕ್ಸ್ ಕಥೆಗಾರ ರೇವಂತನನ್ನು ಆ ದೇವರೇ ಇಳಿದು ಬಂದರೂ ಒಂದು ಕಡೆ ಕೂರಿಸಲಾರ. ಅವನ ಕಥೆಗಳಿಗೆ ಚಿತ್ರ ಬರೆಯುವ ಕೋಣನಕುಂಟೆಯ ಲತಾಮಣಿಯವರ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಕಥೆ ಶುರು. ಅವರ ಮೇಜಿನ ಸುತ್ತ ಸುತ್ತುತ್ತಾ ಕಳ್ಳನೂ ಅವನೇ, ಪೊಲೀಸೂ ಅವನೇ, ಬೊಗಳುವ ನಾಯಿಯೂ ಅವನೇ. ಅಷ್ಟರಲ್ಲಿ ಅವನ ಕಾಫಿ ಆರಿ ಕೆನೆ ಕಟ್ಟಿರುತ್ತದೆ. ಹಿಂದೆಲ್ಲ "ಜಯನಗರ ಫೋರ್ತ್ ಬ್ಲಾಕ್, ಹಬ್ಬದ ಹಿಂದಿನ ದಿನ, ಇನ್ನೂರು ಜನ" ಎಂದು ಒಂದೇ ಸಾಲು ಬರೆದು ಕೈತೊಳೆದುಕೊಳ್ಳುತ್ತಿದ್ದ. ಲತಾಮಣಿ ವಾರವಿಡೀ ಕೂತು ಇನ್ನೂರು ಮೂಗು ಬರೆಯುತ್ತಿದ್ದರು. ಆದರೆ ಒಂದು ವರ್ಷದಿಂದ ಅವನ ಕಥೆಗಳಲ್ಲಿ ಪುಟಕ್ಕೊಮ್ಮೆ ಕರೆಂಟ್ ಹೋಗುತ್ತದೆ, ಮಂಜು ಮುಸುಕುತ್ತದೆ, ಇಬ್ಬರೇ ನಿಂತು ಮಾತಾಡುತ್ತಾರೆ. "ಏನ್ ಗುರು, ಜನ ಎಲ್ಲಿ?" ಎಂದು ಓದುಗರು ಕೇಳಿದರೆ "ಈಗ ಇದೇ ಸ್ಟೈಲ್, ನಿಮಗೆ ಅರ್ಥ ಆಗಲ್ಲ" ಎಂದು ರೇಗುತ್ತಾನೆ. ಲತಾಮಣಿಯವರ ಬಲಗೈ ಮಣಿಕಟ್ಟು ಊದಿಕೊಂಡಿರುವುದೂ ಒಂದು ವರ್ಷದಿಂದಲೇ. ಆ ಮಾತನ್ನು ಅವನು ಒಮ್ಮೆಯೂ ಎತ್ತಿಲ್ಲ. ಮೊನ್ನೆ, "ಕರೆಂಟ್ ಹೋಯಿತು, ಪೂರ್ತಿ ಕತ್ತಲೆ" ಎಂದು ಬರೆದುಕೊಟ್ಟಿದ್ದ ಪುಟ ನೋಡಲು ಬಂದ. ಕತ್ತಲೆಯ ತುಂಬ ಮೇಣದಬತ್ತಿ ಹಿಡಿದ ಮುಖಗಳು. ಗೆರೆ ಸ್ವಲ್ಪ ಸೊಟ್ಟ, ಆದರೆ ಒಂದರಂತೆ ಇನ್ನೊಂದಿಲ್ಲ. "ಯಾಕಕ್ಕಾ ಇಷ್ಟೊಂದ್ ಜನ?" ಎಂದ. "ಕರೆಂಟ್ ಹೋದ್ರೆ ಜನ ಆಚೆ ಬರ್ತಾರೆ ಕಣೋ," ಎಂದರು ಲತಾಮಣಿ. "ಎಡಗೈಲಿ ಬರೆದೆ. ಆರು ತಿಂಗಳಿಂದ ಕಲೀತಿದ್ದೆ." ರೇವಂತ ಕುರ್ಚಿ ಎಳೆದುಕೊಂಡು ಕೂತ.