ಸ್ಟೇಷನ್ ಗಲ್ಲಿಯ ರೇಟು

ಹೊಸ ಸುಣ್ಣದ ವಾಸನೆ ಮೂಗಿಗೆ ಬಿದ್ದರೆ ನನಗೆ ಗೋಡೆಯ ಬಿರುಕು, ಸೋರುವ ನಲ್ಲಿ ಯಾವುದೂ ಕಾಣುವುದಿಲ್ಲ. ಹೋದ ವಾರ ಬೀದರಿನಲ್ಲಿ ಒಂದು ಮನೆ ನೋಡಲು ಹೋದಾಗಲೂ ಹಾಗೇ ಆಯಿತು. ಖಾಲಿ ಅಡುಗೆಮನೆಯಲ್ಲಿ ನಿಂತು ಮನಸ್ಸಿನಲ್ಲೇ ಡಬ್ಬಿಗಳನ್ನು ಜೋಡಿಸುತ್ತಿದ್ದೆ. ದಲಾಲ ಅಂದ: “ರೇಟ್ ಜಾಸ್ತಿ ಅನಸ್ತದೇನ್ರಿ ಮೇಡಂ? ಭಾಲ್ಕಿ ಸ್ಟೇಷನ್ ಗಲ್ಲ್ಯಾಗ ಮೊನ್ನೆ ಒಂದು ಹಳೇ ಮನಿ ಅರ್ಧ ಕೋಟಿಗಿ ಹೋಗ್ಯಾದ.”

ಅವನು ಹೇಳಿದ್ದು ನಮ್ಮವ್ವನ ಮನೆಯ ಪಕ್ಕದ ಮನೆ.

ಆ ಗಲ್ಲಿಯ ಸಂಗತಿ ನಿಮಗೆ ಹೇಳಬೇಕು. ಒಂದು ಕಾಲಕ್ಕೆ ಅಲ್ಲಿದ್ದವರೆಲ್ಲ ರೈಲ್ವೆಯವರು. ಗಾಡಿಯ ಸಪ್ಪಳ ಕೇಳಿಯೇ ಒಲೆಯ ಮೇಲೆ ಅನ್ನಕ್ಕಿಡುತ್ತಿದ್ದರು. ಆಮೇಲೆ ವರ್ಗ, ನಿವೃತ್ತಿ ಎಂದು ಒಬ್ಬೊಬ್ಬರೇ ಹೊರಟರು. ಗಾಡಿಗಳು ಈಗಲೂ ಬರುತ್ತವೆ, ಗಲ್ಲಿ ಮಾತ್ರ ರೈಲ್ವೆಯವರದಾಗಿ ಉಳಿಯಲಿಲ್ಲ. ಮನೆಗಳು ಮಾರಾಟಕ್ಕೆ ಬಂದದ್ದು ಆಗ.

ಅವ್ವ ನರ್ಸ್; ಜನ ಮರ್ಯಾದೆಗೆ ‘ಬಾಯಿ’ ಎಂದು ಕರೆಯುತ್ತಿದ್ದರು. ಸಂತಪುರದಿಂದ ಭಾಲ್ಕಿಗೆ ವರ್ಗವಾಗಿ ಬಂದಿದ್ದಳು. ಅಪ್ಪ ತೀರಿಕೊಂಡಿದ್ದ. ಬಾಡಿಗೆ ಕೋಣೆಯಲ್ಲಿ ಅವಳು, ನಾನು, ಗೋಡೆಯ ಮೇಲೆ ಬುದ್ಧ. ರಜೆ ಸಿಕ್ಕಾಗಲೆಲ್ಲ ಅವಳು ನನ್ನನ್ನೂ ಕಟ್ಟಿಕೊಂಡು ಮನೆ ಹುಡುಕುತ್ತಿದ್ದಳು. ನನಗೆ ಆಸೆಯಿದ್ದದ್ದು ಮನೆಯ ಮೇಲಲ್ಲ, ವಾಪಸು ಬರುವಾಗ ಸಿಗುವ ಭಜಿಯ ಮೇಲೆ. ಎಲ್ಲ ಕಡೆ ಮೊದಲು ಒಂದು ಬೆಲೆ. ಆಮೇಲೆ, “ಅಡ್ಡಹೆಸರು ಏನ್ರಿ?” ಅವ್ವ ಮನೆತನದ ಹೆಸರು ಹೇಳುವಳು, ಅದರಲ್ಲೇ ಜಾತಿ ತಿಳಿಯುತ್ತಿತ್ತು. ಮರುದಿನಕ್ಕೆ ಬೆಲೆ ಏರಿರುತ್ತಿತ್ತು. ಕೆಲವರು ಏರಿಸುವ ಕಷ್ಟವನ್ನೂ ತೆಗೆದುಕೊಳ್ಳದೆ ‘ಮನಿ ಮಾರೂದಿಲ್ಲ’ ಎನ್ನುತ್ತಿದ್ದರು, ಮಾರಾಟದ ಬೋರ್ಡಿನ ಕೆಳಗೇ ನಿಂತು.

ದವಾಖಾನೆಯ ಗುಮಾಸ್ತರೊಬ್ಬರು ದಾರಿ ಹೇಳಿಕೊಟ್ಟರು. “ನನ್ನ ಹೆಸರಿಗಿ ತಗೋರಿ ಬಾಯಿ. ಆಮ್ಯಾಲ ನಿಮ್ಮ ಹೆಸರಿಗಿ ಮಾಡಿಕೊಡ್ತೇನಿ.”

“ನಿಮ್ಮ ಮನಸು ಛಲೋ ಅದರಿ,” ಅಂದಳು ಅವ್ವ. “ಆದ್ರ ನನ್ನ ಮನಿಗಿ ನಾ ಕಳ್ಳರಂಗ ಯಾಕ ಹೋಗ್ಲಿ?”

ಕಡೆಗೆ ಸ್ಟೇಷನ್ ಗಲ್ಲಿಯಲ್ಲಿ ಒಬ್ಬ ಅಜ್ಜಿ ಸಿಕ್ಕಳು. ಗಂಡ ರೈಲ್ವೆಯಲ್ಲಿದ್ದು ತೀರಿಕೊಂಡಿದ್ದ. ಅವಳು ಪರಳಿಯಲ್ಲಿದ್ದ ತಂಗಿಯ ಹತ್ತಿರ ಹೋಗುವವಳಿದ್ದಳು. ಅಡ್ಡಹೆಸರು ಕೇಳಿದ ಮೇಲೂ ಬೆಲೆ ಬದಲಿಸಲಿಲ್ಲ. ಮರುದಿನ ಮುಂಗಡ ಹಿಡಿದುಕೊಂಡು ಹೋದರೆ ಗಲ್ಲಿಯ ಹಿರಿಯರೆಲ್ಲ ಅವಳ ಅಂಗಳದಲ್ಲಿ ಕೂತಿದ್ದರು. ಅಜ್ಜಿ ತಲೆ ಎತ್ತಲಿಲ್ಲ. “ಏನ್ ಮಾಡ್ಲಿ ಬಾಯಿ? ನಿಮಗ ಕೊಟ್ರ ಇಡೀ ಗಲ್ಲಿ ರೇಟ್ ಬೀಳ್ತದ ಅಂತಾರ ಇವರು.”

ಅವ್ವ ಯಾರೂ ಹೇಳದಿದ್ದರೂ ಅವರ ಎದುರಿಗೇ ಕೂತಳು. “ಬೀಳ್ತದಂದ್ರ ಮೊದಲ ನಾ ತಗೊಂಡಿದ್ದೇ ಬೀಳಬೇಕಲ್ರಿ? ನುಕ್ಸಾನ್ ನಂದು. ನನಗ ನಡೀತದ.”

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆಂದುಕೊಂಡೆ. ನಗುತ್ತಿದ್ದಳು. “ಈ ಬಾಯಿಗೇ ಕೊಡ್ತೇನಿ,” ಅಂದಳು. ಮನೆ ಅವ್ವನ ಹೆಸರಿಗೇ ರಿಜಿಸ್ಟರ್ ಆಯಿತು.

ಪಕ್ಕದ ಮನೆಯ ಯಜಮಾನರು ನಾವು ಹೋದ ವಾರವೇ ನಡುಗೋಡೆ ಎತ್ತರಿಸಿದರು. ಅವ್ವ ಡ್ಯೂಟಿಗೆ ಹೋಗುವಾಗ ದಿನಾ ಅವರನ್ನು ಕೇಳುತ್ತಿದ್ದಳು, “ಹ್ಯಾಂಗಿದ್ದೀರಿ?” ಅವರು ರಸ್ತೆ ನೋಡುತ್ತಿದ್ದರು. ವರ್ಷಗಳ ಮೇಲೆ ಒಂದು ಬೆಳಿಗ್ಗೆ “ಛಲೋ ಇದ್ದೀನ್ರಿ” ಅಂದರು. ಅವ್ವ ಅದನ್ನು ದೊಡ್ಡದು ಮಾಡಲಿಲ್ಲ. ಆದರೆ ಅವತ್ತಿನ ಚಹಾಕ್ಕೆ ಸಕ್ಕರೆ ಹೆಚ್ಚಾಗಿತ್ತು.

ಅರ್ಧ ಕೋಟಿಗೆ ಹೋಗಿದ್ದು ಅವರ ಮನೆಯೇ, ಅವರು ತೀರಿಕೊಂಡ ಮೇಲೆ. ಫೋನಿನಲ್ಲಿ ಆ ಮಾತೆತ್ತಿದಾಗ ಅವ್ವ ಅಂದಳು, “ಅಂವ ಇರಬೇಕಾಗಿತ್ತು. ಖುಷಿ ಪಡ್ತಿದ್ದ.”

ಬೀದರಿನ ದಲಾಲನೂ ಹೊರಡುವ ಮೊದಲು ನನ್ನ ಅಡ್ಡಹೆಸರು ಕೇಳಿದ್ದ. ಎರಡು ದಿನ ಬಿಟ್ಟು ಫೋನ್ ಮಾಡಿ, ಮಾಲೀಕರು ಬೆಲೆ ಏರಿಸಿದ್ದಾರೆ ಅಂದ. ಕಾರಣ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಡಬ್ಬಿಗಳ ಆಸೆಗೆ ‘ಆಯ್ತು’ ಅನ್ನುವುದರಲ್ಲಿದ್ದೆ. ಅಷ್ಟರಲ್ಲಿ ಅಜ್ಜಿಯ ಅಂಗಳದಲ್ಲಿ ಕೂತ ಅವ್ವ ನೆನಪಾದಳು.

“ಮೊದಲ ಹೇಳಿದ ಬೆಲಿಗೇ ತಗೋತೇನಿ. ಇಲ್ಲಂದ್ರ ಯಾಕಿಲ್ಲ ಅಂತ ಅವರು ಎದುರಿಗಿ ಹೇಳ್ಲಿ,” ಅಂದೆ.

ಇವತ್ತು ಬೆಳಿಗ್ಗೆ ಅವ್ವ ಭಾಲ್ಕಿಯಿಂದ ಬಸ್ಸಿನಲ್ಲಿ ಬಂದಳು. ಇಬ್ಬರೂ ಮಾಲೀಕರ ಮನೆಗೆ ಹೋದೆವು. ಬಾಗಿಲು ತೆರೆದವರು ಏನೂ ಕೇಳುವ ಮೊದಲೇ ನನ್ನ ಪೂರ್ತಿ ಹೆಸರು ಹೇಳಿದೆ. ಅವರು ಪಕ್ಕಕ್ಕೆ ಸರಿದು, “ಒಳಗ ಬರ್ರಿ, ಕುಂತು ಮಾತಾಡೂಣು” ಅಂದರು.

ಮಾತು ಇನ್ನೂ ಮುಗಿದಿಲ್ಲ. ಅವರು ಸ್ವಲ್ಪ ಇಳಿದಿದ್ದಾರೆ. ನಾನು ಒಂದು ರೂಪಾಯಿಯೂ ಏರಿಲ್ಲ.